ನೋಡದ ಊರಿನ ನಕ್ಷೆ

ಮೈಸೂರು
23 ನವೆಂಬರ್ 1941

ಗೆಳೆಯ ಅಸದುಲ್ಲಾ,

ಈ ಕಾಗದದ ಜೊತೆಗೆ ಬಂದಿರುವ ತಗಡಿನ ಕೊಳವೆಯನ್ನು ಜೋಪಾನವಾಗಿ ಬಿಚ್ಚು. ಒಳಗೆ ಒಂದು ನಕ್ಷೆಯಿದೆ. ಐದು ತಿಂಗಳು ಕೂತು ನಾನೇ ಬರೆದದ್ದು. ನಮ್ಮ ಮನೆಯಲ್ಲಿ ಇಡುವ ಹಾಗಿಲ್ಲ, ಹಾಸ್ಟೆಲಿನಲ್ಲಿ ಗೆದ್ದಲು. ನಿನ್ನ ಹತ್ತಿರ ಇದ್ದರೆ ನನಗೆ ಧೈರ್ಯ.

ಮನೆಯಲ್ಲಿ ಯಾಕೆ ಇಡುವ ಹಾಗಿಲ್ಲ ಎಂದರೆ, ನನಗೆ ಫ್ರೆಂಚ್ ಹೇಳಿಕೊಡುವ ಮುದಿ ಪಾದ್ರಿ ಫಾದರ್ ಬೆರ್ನಾರ್ ತಮ್ಮ ಹತ್ತಿರವಿದ್ದ ಚಿತ್ರಕಲೆಯ ಪುಸ್ತಕವೊಂದನ್ನು ಓದಲು ಕೊಟ್ಟಿದ್ದರು. ದೀಪಾವಳಿಗೆ ವೈದ್ಯನಾಥಪುರಕ್ಕೆ ಹೋಗುವಾಗ ಅದನ್ನೂ ಒಯ್ದೆ. ಅಪ್ಪ ತೆರೆದ ಪುಟದಲ್ಲಿ ಒಬ್ಬಳು ಬಟ್ಟೆಯಿಲ್ಲದೆ ಮಲಗಿದ್ದಳು. "ಓದಕ್ಕೆ ಕಳ್ಸುದ್ರೆ ಇದೇನ್ಲಾ ನೀನ್ ಓದೋದು? ಬೆತ್ಲೆ ಎಂಗುಸ್ರ ಪಟಾನಾ?" ಎಂದವರೇ ಪುಸ್ತಕವನ್ನು ಸ್ನಾನದ ನೀರಿನ ಒಲೆಗೆ ಹಾಕಿದರು. ನಾನು ನೋಡುತ್ತ ನಿಂತೆ. ಫಾದರ್‌ಗೆ ಪುಸ್ತಕ ಊರಿನಲ್ಲಿ ಮರೆತು ಬಂದೆ ಎಂದು ಹೇಳಿದ್ದೇನೆ.

ಅದೇ ಪುಸ್ತಕದಲ್ಲಿ ಇನ್ನೊಂದು ಚಿತ್ರವಿತ್ತು. ಕೊಯ್ಲು ಮುಗಿದ ಹೊಲದಲ್ಲಿ ಮೂವರು ಹೆಂಗಸರು ಬಗ್ಗಿ, ಉದುರಿದ ತೆನೆಗಳ ಹಕ್ಕಲು ಆಯುತ್ತಿದ್ದಾರೆ. ನಮ್ಮ ಅಂಕಮ್ಮತ್ತೆ ರಾಗಿ ಹೊಲದಲ್ಲಿ ಬಗ್ಗುವ ಹಾಗೆಯೇ, ಒಂದು ಕೈ ಬೆನ್ನಿನ ಮೇಲೆ. ಚಿತ್ರ ಬರೆಸಿಕೊಳ್ಳುವವರು ಅರಸರು, ದೇವರು ಮಾತ್ರ ಎಂದುಕೊಂಡಿದ್ದೆ. ಪ್ಯಾರಿಸಿನಲ್ಲಿ ಅರಸರ ಅರಮನೆಯನ್ನೇ ಚಿತ್ರಶಾಲೆ ಮಾಡಿ ಈ ಹೆಂಗಸರನ್ನು ಅಲ್ಲಿ ತೂಗುಹಾಕಿದ್ದಾರಂತೆ. ಇದನ್ನು ಕೇಳಿದ ದಿನದಿಂದ ನನಗೆ ಆ ಊರಿನ ಹುಚ್ಚು.

ನಕ್ಷೆಯ ಮೇಲೆ ಅದರ ಹಳೆಯ ಹೆಸರು ಬರೆದಿದ್ದೇನೆ, ಲ್ಯುತೆಸ್ ಎಂದು. ಎರಡು ಸಾವಿರ ವರ್ಷದ ಹಿಂದೆ ನದಿಯ ನಡುವಿನ ಒಂದು ದ್ವೀಪ ಅಷ್ಟೆ, ನಮ್ಮ ಶ್ರೀರಂಗಪಟ್ಟಣದ ಹಾಗೆ. ನೀನು ಓದಲಿ ಎಂದು ಫ್ರೆಂಚ್ ಹೆಸರುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಒಂದು ಕಾಲದಲ್ಲಿ ಅಲ್ಲಿನ ಸೇತುವೆಗಳ ಮೇಲೆ ಎರಡೂ ಬದಿಗೆ ಮನೆಗಳಿದ್ದವು, ಚಿನಿವಾರರ ಅಂಗಡಿಗಳಿದ್ದವು. ಆ ಮನೆಗಳನ್ನು ಕೆಡವಿದ ಸೇತುವೆಗಳಿಗೆ ಕೆಂಪು ಗೀಟು ಹಾಕಿ, ಪಕ್ಕದಲ್ಲಿ ಇಸವಿ ಬರೆದಿದ್ದೇನೆ.

ಮದ್ದೂರಿನ ಶಾಲೆಯಲ್ಲಿ ಭೂಪಟ ಬರೆಯುವುದರಲ್ಲಿ ನೀನು ನನಗಿಂತ ಮುಂದಿದ್ದೆ. ನಿಮ್ಮ ತಂದೆ ತೀರಿಕೊಳ್ಳದೆ ಇದ್ದಿದ್ದರೆ, ನೀನು ಗ್ಯಾರೇಜಿಗೆ ಸೇರದೆ ಇದ್ದಿದ್ದರೆ, ಈ ನಕ್ಷೆಯನ್ನು ನೀನೇ ಬರೆಯುತ್ತಿದ್ದೆಯೋ ಏನೋ. ತಪ್ಪುಗಳಿದ್ದರೆ ತಿಳಿಸು.

ನಿನ್ನ
ಶಿವಣ್ಣ


ಮದ್ದೂರು
9 ಜನವರಿ 1942

ಶಿವಣ್ಣನಿಗೆ,

ಕೊಳವೆ ತಲುಪಿ ತಿಂಗಳಾಯಿತು. ಬರೆಯಲು ಬಿಡುವಾಗಲಿಲ್ಲ. ಪೆಟ್ರೋಲು ಸಿಗದೆ ಮಾಲೀಕರು ಎಲ್ಲ ಬಸ್ಸಿಗೂ ಇದ್ದಿಲಿನ ಡ್ರಮ್ಮು ಕಟ್ಟಿಸುತ್ತಿದ್ದಾರೆ. ಬೆಳಗ್ಗೆ ಒಂದು ಗಂಟೆ ಊದಿ ಹೊತ್ತಿಸಿದರೆ ಗ್ಯಾಸು ಬರುತ್ತದೆ. ಆದರೂ ಮಳವಳ್ಳಿ ರಸ್ತೆಯ ದಿಣ್ಣೆಯಲ್ಲಿ ಜನ ಇಳಿದು ತಳ್ಳಬೇಕು. ಮನೆಗೆ ಬರುವಾಗ ನನ್ನ ಮುಖ ನೋಡಿ ಅಮ್ಮ ನಗುತ್ತಾರೆ.

ನಕ್ಷೆಯನ್ನು ಮುಂದಿನ ಕೋಣೆಯ ಗೋಡೆಗೆ ಹಾಕಿದ್ದೇನೆ. ಮೊಳೆಯನ್ನು ಅಂಚಿನ ಬಟ್ಟೆಗೆ ಮಾತ್ರ ಹೊಡೆದಿದ್ದೇನೆ, ಕಾಗದಕ್ಕೆ ತಾಗಿಲ್ಲ. ತಂಗಿ ಶಮೀಮ್ ಬಾನು ದಿನಕ್ಕೊಂದು ಬೀದಿಯ ಹೆಸರು ಬಾಯಿಪಾಠ ಮಾಡುತ್ತಾಳೆ. ಅದೇನು ಹೆಸರುಗಳೋ, ಹೇಳುವಾಗ ಮೂಗು ಹಿಡಿದುಕೊಳ್ಳಬೇಕು.

ಮೊನ್ನೆ ಡ್ರೈವರ್ ಕೆಂಪಸಿದ್ದಯ್ಯ ಬಂದಿದ್ದ. "ಯಾವೂರ್ಲಾ ಇದು, ಸೀರಂಗಪಟ್ಣದಂಗೆ ನೀರ್ ನಡುವ್ಲೈತೆ?" ಎಂದ. ಪ್ಯಾರಿಸ್ ಎಂದೆ. "ನಮ್ ಬಸ್ ಓಯ್ತದಾ ಅಲ್ಗೆ?" ಎಂದ. ದಿಣ್ಣೆಯೇ ಇಲ್ಲ, ಧಾರಾಳವಾಗಿ ಹೋಗುತ್ತದೆ ಎಂದೆ.

ತಪ್ಪಿದ್ದರೆ ತಿಳಿಸು ಎಂದು ಬರೆದಿದ್ದೀಯ. ತಪ್ಪಲ್ಲ, ಒಂದು ಪ್ರಶ್ನೆ. ಅರಮನೆ ಎಲ್ಲಿದೆ, ಚರ್ಚು ಎಲ್ಲಿದೆ, ಚಿತ್ರಶಾಲೆ ಎಲ್ಲಿದೆ ಎಲ್ಲ ಬರೆದಿದ್ದೀಯ. ನನ್ನಂಥವನು ಆ ಊರಿನಲ್ಲಿ ಎಲ್ಲಿರುತ್ತಾನೆ? ಅದನ್ನು ಎಷ್ಟು ಹುಡುಕಿದರೂ ಕಾಣಲಿಲ್ಲ.

ಇನ್ನೊಂದು ಮಾತು. ದೀಪಾವಳಿಯಲ್ಲಿ ನೀನು ಮದ್ದೂರಿನಲ್ಲಿ ಇಳಿದು, ನಮ್ಮ ಗ್ಯಾರೇಜಿನ ಮುಂದೆಯೇ ನಿಮ್ಮಪ್ಪನ ಗಾಡಿ ಹತ್ತಿ ಹೋದೆ. ನಾನು ಬಸ್ಸಿನ ಕೆಳಗೆ ಮಲಗಿದ್ದೆ. ಕೂಗೋಣ ಎಂದುಕೊಂಡೆ. ನಿಮ್ಮಪ್ಪ ಇದ್ದರು, ಸುಮ್ಮನಾದೆ.

ಅಸದುಲ್ಲಾ


ಮೈಸೂರು
14 ಜೂನ್ 1942

ಗೆಳೆಯ,

ನಿನ್ನ ಕಾಗದಕ್ಕೆ ಉತ್ತರಿಸದೆ ಐದು ತಿಂಗಳಾಯಿತು. ಪರೀಕ್ಷೆಯ ನೆಪ ಹೇಳುವುದಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ಫಾದರ್‌ರನ್ನು ಕೇಳಿದೆ. ನಿನ್ನಂಥವರು ದ್ವೀಪದ ಮೇಲೆಯೇ, ಕತ್ತಲ ಗಲ್ಲಿಗಳಲ್ಲಿ ಇದ್ದರಂತೆ. ತೊಂಬತ್ತು ವರ್ಷದ ಹಿಂದೆ ದೊರೆಯ ಅಧಿಕಾರಿಯೊಬ್ಬ ಊರನ್ನು ಚೆಂದ ಮಾಡಲು ಆ ಗಲ್ಲಿಗಳನ್ನು ಒಡೆಸಿ ಅಗಲವಾದ ರಸ್ತೆ ಹಾಕಿಸಿದ. ಜನ ಊರಾಚೆಗೆ ಹೋದರು. ನಾನು ಮೆಚ್ಚಿ ಬಣ್ಣ ತುಂಬಿದ್ದು ಆ ಅಗಲ ರಸ್ತೆಗಳಿಗೆ. ಹೋದ ಜನರ ಬಗ್ಗೆ ನನ್ನ ಪುಸ್ತಕದಲ್ಲಿ ಅರ್ಧ ಪುಟ ಇದೆ.

ಜರ್ಮನರು ಆ ಊರಿನೊಳಕ್ಕೆ ನಡೆದು ಇವತ್ತಿಗೆ ಎರಡು ವರ್ಷ. ಫಾದರ್ ಬೆಳಗ್ಗೆ ಪಾಠ ಮಾಡಲಿಲ್ಲ, ಕಿಟಕಿಯ ಹತ್ತಿರ ಕೂತೇ ಇದ್ದರು.

ಸುದ್ದಿ ಹೇಳಿಬಿಡುತ್ತೇನೆ. ಬಿ.ಎ. ಪಾಸಾಯಿತು. ಫಾದರ್ ಬರೆದ ಶಿಫಾರಸಿನಿಂದ ಪಾಂಡಿಚೇರಿಯಲ್ಲಿ ಫ್ರೆಂಚರು ನಡೆಸುವ ಕಾಲೇಜಿನಲ್ಲಿ ನನಗೆ ಜಾಗ ಕೊಟ್ಟಿದ್ದಾರೆ. ಊಟ, ವಸತಿ ಅವರದೇ. ಮೂರು ವರ್ಷ ಚರಿತ್ರೆ, ಚಿತ್ರಕಲೆ. ಯುದ್ಧ ಮುಗಿದ ಮೇಲೆ ಯಾರಿಗೆ ಗೊತ್ತು, ಹಡಗು ಹತ್ತಿದರೂ ಹತ್ತಿದೆ. ನವೆಂಬರಿನಲ್ಲಿ ಸೇರಬೇಕು. ಪೊಲೀಸಿನವರಿಂದ ನಡತೆಯ ಪತ್ರವೊಂದು ಬೇಕು, ಅರ್ಜಿ ಹಾಕಿದ್ದೇನೆ. ಅಪ್ಪ ನಾನು ಅಮಲ್ದಾರನಾಗಲಿ ಎಂದು ಕಾಯುತ್ತಿದ್ದಾರೆ. ಅವರಿಗೆ ಇದನ್ನು ಇನ್ನೂ ಹೇಳಿಲ್ಲ.

ಮುಂದಿನ ಸಲ ಮದ್ದೂರಿನಲ್ಲಿ ಇಳಿದಾಗ ಖಂಡಿತ ನಿನ್ನನ್ನು ನೋಡುತ್ತೇನೆ. ಅಪ್ಪ ಜೊತೆಯಲ್ಲಿದ್ದರೂ.

ಶಿವಣ್ಣ


ಮದ್ದೂರು
24 ಆಗಸ್ಟ್ 1942

ಶಿವಣ್ಣನವರಿಗೆ ಅಸದುಲ್ಲಾನ ತಂಗಿ ಶಮೀಮ್ ಬಾನು ಮಾಡುವ ಸಲಾಂ.

ನಾನು ನಿಮಗೆ ಕಾಗದ ಬರೆಯುವುದು ಇದೇ ಮೊದಲು. ನಮ್ಮ ಮನೆಯಲ್ಲಿ ಕನ್ನಡ ಬರೆಯಲು ಬರುವವಳು ಈಗ ನಾನೊಬ್ಬಳೇ.

ಶುಕ್ರವಾರ ನಮ್ಮಣ್ಣನನ್ನು ಹಿಡಿದುಕೊಂಡು ಹೋದರು. ರೈಲು ದಾರಿಯ ಪಕ್ಕದ ತಂತಿಗಳನ್ನು ಯಾರೋ ಕತ್ತರಿಸಿದ್ದರಂತೆ. ಗಾಂಧಿಯವರನ್ನು ಹಿಡಿದ ಮೇಲೆ ಎಲ್ಲೆಲ್ಲೂ ಹೀಗೇ ಆಗುತ್ತಿದೆಯಲ್ಲ. ಅದನ್ನು ವಿಚಾರಿಸಲು ಹೊರಗಿನಿಂದ ಒಬ್ಬ ಅಧಿಕಾರಿ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದಾರೆ. ತಂತಿ ಕತ್ತರಿಸುವ ಇಕ್ಕಳ ಯಾರ ಹತ್ತಿರ ಇದೆಯೋ ಅವರ ಮನೆಯನ್ನೆಲ್ಲ ಹುಡುಕಿದರು. ನಮ್ಮ ಮನೆಗೆ ಬಂದವರು ಇಕ್ಕಳವನ್ನು ಬಿಟ್ಟು ಗೋಡೆ ನೋಡುತ್ತ ನಿಂತರು.

ನಿಮ್ಮ ನಕ್ಷೆಯಲ್ಲಿ ನದಿ ಇದೆ, ದ್ವೀಪ ಇದೆ, ಸೇತುವೆಗಳಿಗೆ ಕೆಂಪು ಗೀಟಿದೆ. ಕೆಳಗೆ ನೀವು "ಕೆಂಪು ಗೀಟು: ಕೆಡವಿದ್ದು" ಎಂದು ಬರೆದಿದ್ದೀರಿ. ಅಕ್ಷರ ಕನ್ನಡ, ಮಾತು ಕನ್ನಡವಲ್ಲ, ಇದು ಗುಪ್ತ ಭಾಷೆ ಎಂದರು. ಶ್ರೀರಂಗಪಟ್ಟಣದ ಸೇತುವೆ, ಶಿಂಷಾ ಸೇತುವೆ ಉರುಳಿಸುವ ಸಂಚು ಎಂದರು. ಒಂದು ಸೇತುವೆಯ ಪಕ್ಕ 1808 ಎಂದಿದೆಯಲ್ಲ, ಅದು ರೈಲಿನ ವೇಳೆಯಂತೆ, ಹದಿನೆಂಟು ಗಂಟೆ ಎಂಟು ನಿಮಿಷ.

ನಮ್ಮಣ್ಣ ಇದು ಪ್ಯಾರಿಸ್ ಎಂದ. ಪೇದೆಯೊಬ್ಬ, "ಬಸ್ಸಿನ್ ತಳ್ಗೆ ಮಲ್ಗೋನ್ಗೆ ಪ್ಯಾರಿಸ್ ಯಾಕ್ಲಾ?" ಎಂದು ನಕ್ಕ. ನನಗೆ ಎಲ್ಲ ಹೆಸರುಗಳೂ ಬರುತ್ತವೆ. ಹೇಳಲು ಬಾಯಿ ತೆರೆದೆ. ಅಮ್ಮ ಕೈ ಹಿಡಿದು ಒಳಗೆ ಎಳೆದುಕೊಂಡರು.

ಬಂಗಲೆಯಲ್ಲಿ ನಮ್ಮಣ್ಣ ಏನು ಹೇಳಿದನೋ, ನಿಮ್ಮ ಹೆಸರು ಹೇಳಿದನೋ ಇಲ್ಲವೋ ನಮಗೆ ಗೊತ್ತಿಲ್ಲ. ನಮ್ಮನ್ನು ಒಳಕ್ಕೆ ಬಿಡುತ್ತಿಲ್ಲ. ನೀವು ಬಂದು ಇದು ನಾನು ಬರೆದದ್ದು ಎಂದು ಹೇಳಿದರೆ ಸಾಕು, ಬಿಟ್ಟುಬಿಡುತ್ತಾರೆ. ಈ ಕಾಗದ ನೋಡಿದ ಕೂಡಲೇ ಹೊರಡಿ.

ಶಮೀಮ್ ಬಾನು


ವೈದ್ಯನಾಥಪುರ
27 ಆಗಸ್ಟ್ 1942

ಚಿರಂಜೀವಿ ಶಿವಣ್ಣನಿಗೆ ನಿನ್ನ ತಂದೆ ಮಹದೇವಯ್ಯನ ಆಶೀರ್ವಾದ.

ಇಲ್ಲಿ ಎಲ್ಲರೂ ಸೌಖ್ಯ. ಕಬ್ಬಿಗೆ ಕಾಲುವೆಯ ನೀರು ಬಂದಿದೆ. ಪೊಲೀಸಿನವರು ಮನೆಗೆ ಬಂದು ನಿನ್ನ ವಿಷಯ ವಿಚಾರಿಸಿದರು. ಆ ಸಾಬರ ಹುಡುಗನೂ ನೀನೂ ಒಂದೇ ಶಾಲೆಯಲ್ಲಿ ಓದಿದ್ದಕ್ಕೆ ಕೇಳಿರಬೇಕು. ಹೇಳಬೇಕಾದದ್ದನ್ನು ಹೇಳಿ ಕಳಿಸಿದ್ದೇನೆ. ಊರಿನ ಪಟೇಲನ ಮಾತಿಗೆ ಇನ್ನೂ ಬೆಲೆಯಿದೆ.

ನೀನು ಮದ್ದೂರಿನ ಕಡೆ ತಲೆ ಹಾಕಬೇಡ. ಯಾರಿಗೂ ಕಾಗದ ಬರೆಯಬೇಡ. ಪಾಂಡಿಚೇರಿಯ ವಿಷಯ ನಿನ್ನ ಪಾದ್ರಿಗಳಿಂದಲೇ ನನಗೆ ತಿಳಿಯಿತು. ನನಗೆ ಇಷ್ಟವಿಲ್ಲ. ಆದರೂ ಈಗ ಸ್ವಲ್ಪ ಕಾಲ ದೂರವಿರುವುದೇ ಮೇಲು ಅನ್ನಿಸುತ್ತದೆ. ನಡತೆಯ ಪತ್ರ ಕೈಗೆ ಬಂದ ದಿನವೇ ಹೊರಟುಬಿಡು. ನಾನು ಅಡ್ಡ ಬರುವುದಿಲ್ಲ.

ಮಹದೇವಯ್ಯ


ಮೈಸೂರು
2 ಸೆಪ್ಟೆಂಬರ್ 1942

ತಂಗಿ ಶಮೀಮ್ ಬಾನುವಿಗೆ,

ನಿನ್ನ ಕಾಗದ ತಲುಪಿತು. ಅಮ್ಮನವರಿಗೆ ಧೈರ್ಯ ಹೇಳು. ಇದೊಂದು ತಪ್ಪು ತಿಳಿವಳಿಕೆ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ. ನನಗೆ ಗುರುತಿನ ವಕೀಲರೊಬ್ಬರಿದ್ದಾರೆ, ಅವರೊಡನೆ ಮಾತನಾಡುತ್ತೇನೆ. ಫಾದರ್‌ರಿಂದ ಒಂದು ಕಾಗದ ಬರೆಸಿ ಕಳಿಸಬಹುದೇ ಎಂದು ಯೋಚಿಸುತ್ತಿದ್ದೇನೆ. ಅವರು ವಿದೇಶದವರು, ಈ ಕಾಲದಲ್ಲಿ ಅವರನ್ನು ಎಳೆದರೆ ಅವರಿಗೂ ತೊಂದರೆ. ಇಲ್ಲಿಯೂ ವಿದ್ಯಾರ್ಥಿಗಳ ಮುಷ್ಕರ ನಡೆದಿದೆ, ರೈಲುಗಳು ಸರಿಯಾಗಿ ಓಡುತ್ತಿಲ್ಲ.

ಅಸದುಲ್ಲಾ ನನ್ನ ಹೆಸರು ಹೇಳಿಲ್ಲ ಎಂದು ನನಗೆ ಖಂಡಿತವಾಗಿ ಗೊತ್ತು. ಹೇಳಿದ್ದರೆ ಇಷ್ಟು ಹೊತ್ತಿಗೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಅವನು ಅಂಥವನು. ಸ್ವಲ್ಪ ತಾಳ್ಮೆಯಿಂದಿರಿ.

ಶಿವಣ್ಣ


ಮದ್ದೂರು
17 ಸೆಪ್ಟೆಂಬರ್ 1942

ಶಿವಣ್ಣನವರಿಗೆ,

ರೈಲುಗಳು ಸರಿಯಾಗಿಯೇ ಓಡುತ್ತಿವೆ. ನಮ್ಮ ಮನೆಯಿಂದ ಸದ್ದು ಕೇಳಿಸುತ್ತದೆ.

ನಿನ್ನೆ ಅಮ್ಮನನ್ನೂ ನನ್ನನ್ನೂ ಬಂಗಲೆಯ ಹಿತ್ತಲಿಗೆ ಬಿಟ್ಟರು. ದೊಡ್ಡಸಿದ್ದಯ್ಯ ಎಂಬ ಪೇದೆ ಕನಿಕರಪಟ್ಟು, "ಬಿರ್‌ಬಿರ್ನೆ ನೋಡ್ಕಂಡ್ ಓಗ್ಬುಡಿ ಕಣಮ್ಮ, ಸಾಯೇಬ್ರು ಬತ್ತಾರೆ" ಎಂದರು. ನಮ್ಮಣ್ಣ ಕಂಬಕ್ಕೆ ಒರಗಿ ಕೂತಿದ್ದ. ಬಲಗೈಗೆ ಕೊಳೆ ಬಟ್ಟೆ ಸುತ್ತಿತ್ತು. ಅಮ್ಮ ಬಿಚ್ಚಿ ನೋಡಿದರು. ಎರಡು ಬೆರಳು ಊದಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅಮ್ಮ ತಂದಿದ್ದ ರೊಟ್ಟಿಯನ್ನು ಅವನು ಎಡಗೈಯಲ್ಲಿ ತಿಂದ. ನಿಮ್ಮ ಬಗ್ಗೆ ಕೇಳಿದೆ. ಮುಖ ತಿರುಗಿಸಿಕೊಂಡ.

ನಮಗೆ ವಕೀಲರು ಬೇಡ. ಅದು ಯಾವ ಊರು ಎಂದು ಹೇಳುವವರು ಒಬ್ಬರು ಬೇಕು. ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ಹೇಳಿ ನೋಡಿದೆ. ಅಂಗಳದಲ್ಲೇ ನಿಂತು ಸೇತುವೆಗಳ ಹೆಸರು ಒಂದೊಂದಾಗಿ ಹೇಳಿದೆ. ಈ ಹುಡುಗಿಗೂ ಗುಪ್ತ ಭಾಷೆ ಕಲಿಸಿದ್ದಾನೆ ಎಂದು ಬರೆದುಕೊಂಡರು.

ಇನ್ನು ನಿಮಗೆ ಬರೆಯುವುದಿಲ್ಲ.

ಶಮೀಮ್ ಬಾನು


ಸೆರೆಮನೆ, ಮೈಸೂರು
18 ಅಕ್ಟೋಬರ್ 1942

ಅಸದುಲ್ಲಾ,

ತಿಂಗಳಿಗೆ ಒಂದು ಕಾಗದ ಬರೆಯಬಹುದು ಎಂದರು. ಅಪ್ಪನಿಗೆ ಬರೆಯಲಿಲ್ಲ, ನಿನಗೆ ಬರೆಯುತ್ತಿದ್ದೇನೆ. ಬಂಗಲೆಯಲ್ಲಿ ನಿನ್ನನ್ನು ಹೊರಗೆ ಬಿಡುವ ಹೊತ್ತಿಗೆ ನನ್ನನ್ನು ಹಿಂದಿನ ಕೋಣೆಗೆ ನೂಕಿದ್ದರು. ಬಾಗಿಲ ಸಂದಿನಿಂದ ನಿನ್ನ ಬೆನ್ನು ಕಂಡಿತು. ಅದಕ್ಕೆ ಮೊದಲು ಒಳಗೆ ಏನು ನಡೆಯಿತು ಎಂದು ನಿನಗೂ ತಿಳಿದಿರಲಿ.

ನಡತೆಯ ಪತ್ರ ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಕೈಗೆ ಬಂತು. ಅದನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದಾಗ ಶಮೀಮಳ ಎರಡನೆಯ ಕಾಗದ ಬಂತು. ಎರಡನ್ನೂ ಜೇಬಿನಲ್ಲಿ ಹಾಕಿಕೊಂಡು ಸೋಮವಾರ ಬೆಳಗಿನ ರೈಲು ಹತ್ತಿದೆ. ಧೈರ್ಯದಿಂದ ಬಂದೆ ಎಂದು ತಿಳಿಯಬೇಡ. ಚನ್ನಪಟ್ಟಣದವರೆಗೆ ಟಿಕೆಟ್ ತೆಗೆದುಕೊಂಡಿದ್ದೆ. ಮದ್ದೂರಿನಲ್ಲಿ ಇಳಿಯಲಾಗದಿದ್ದರೆ ಇರಲಿ ಎಂದು.

ಅಧಿಕಾರಿ ಮೇಜಿನ ಮೇಲೆ ನಕ್ಷೆ ಹಾಸಿಕೊಂಡಿದ್ದರು. ಇದು ನಾನು ಬರೆದದ್ದು, ಪ್ಯಾರಿಸ್ ನಗರ ಎಂದೆ. ಅವರು ತಲೆ ಎತ್ತಲಿಲ್ಲ.

"ಎಲ್ಲರೂ ಹಾಗೇ ಹೇಳ್ತಾರೆ. ಏನು ಗುರುತು?"

"ಕಾಗದ ಕೊಡಿ. ಇನ್ನೊಂದು ಸಲ ಬರೀತೀನಿ."

ಆಗ ನೋಡಿದರು. ಕಾಗದ, ಶಾಯಿ ತರಿಸಿದರು. ನನ್ನ ನಕ್ಷೆಯನ್ನು ಮಡಿಸಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಮೊದಲು ನದಿ ಬರೆದೆ, ಆಮೇಲೆ ದ್ವೀಪ, ಆಮೇಲೆ ಅದಕ್ಕೆ ಸೇರುವ ಒಂಬತ್ತು ಸೇತುವೆ. ಯಾವುದು ಯಾವ ಕಾಲದ್ದು, ಯಾವುದರ ಮೇಲೆ ಯಾರ ಅಂಗಡಿಗಳಿದ್ದವು, 1808ರಲ್ಲಿ ಯಾವ ಸೇತುವೆಯ ಮನೆಗಳನ್ನು ಒಡೆದರು ಎಲ್ಲ ಹೇಳುತ್ತ ಬರೆದೆ. ಬೆಳಗ್ಗೆ ಶುರುವಾದದ್ದು ಮಧ್ಯಾಹ್ನ ದಾಟಿತು. ನಾಚಿಕೆಯಾಗುತ್ತದೆ ಹೇಳಲು, ನಡುವೆ ಒಂದು ಗಳಿಗೆ ನನಗೆ ಸಂತೋಷವಾಗಿತ್ತು. ನೀನು ಗೋಡೆಯಾಚೆ ಕೂತಿದ್ದೆ.

ಅವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬೆರಳಿಟ್ಟು ಹೋಲಿಸಿದರು. "ಈ ಊರಿಗೆ ಹೋಗಿದ್ದೀಯಾ?"

"ಇಲ್ಲ."

"ನೀನು ಹುಟ್ಟಿದ್ದು?"

"ಇಲ್ಲೇ, ವೈದ್ಯನಾಥಪುರ. ಓದಿದ್ದು ಮದ್ದೂರಿನಲ್ಲಿ."

ಅವರು ಕಾಗದ ತಿರುಗಿಸಿದರು. "ಹಾಗಾದರೆ ಮದ್ದೂರು ಬರೆ."

ಸ್ಟೇಷನ್ ಬರೆದೆ. ದೊಡ್ಡ ರಸ್ತೆ ಬರೆದೆ, ಶಿಂಷಾ ಬರೆದೆ, ಶಾಲೆ ಬರೆದೆ. "ಅವನ ಮನೆ ತೋರಿಸು" ಎಂದರು. ನಿಮ್ಮ ಬೀದಿಗೆ ಎಡಕ್ಕೆ ತಿರುಗಬೇಕೋ ಬಲಕ್ಕೋ ತಿಳಿಯಲಿಲ್ಲ. ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತವನು ನಿನ್ನ ಮನೆಗೆ ಒಂದು ಸಲವೂ ಬಂದಿರಲಿಲ್ಲ. ನಕ್ಷೆಯನ್ನು ಸಹ ಅಂಚೆಯಲ್ಲಿ ಕಳಿಸಿದ್ದೆ. ಬಾಗಿಲಲ್ಲಿದ್ದ ದೊಡ್ಡಸಿದ್ದಯ್ಯ ನೋಡಲಾರದೆ, "ಮಸೀದಿ ಇಂದ್ಗಡೆ ಕಣಪ್ಪ" ಎಂದ.

ಅಧಿಕಾರಿ ಲೇಖನಿಯ ಮುಚ್ಚಳ ಹಾಕಿದರು. "ಇದು ಪ್ಯಾರಿಸ್ ಅಂತ ನಂಬಿದೆ. ಅವನನ್ನ ಬಿಡ್ತೀನಿ. ಆದರೆ ನೀನು ಒಂದು ತಿಂಗಳು ಯಾಕೆ ಸುಮ್ಮನಿದ್ದೆ? ಏನೂ ಇಲ್ಲದವನು ಮೊದಲನೇ ದಿನ ಬರ್ತಿದ್ದ."

ಯುದ್ಧ ಕಾಲದ ಕಾಯಿದೆಯಲ್ಲಿ ನನ್ನನ್ನು ಇಲ್ಲಿಗೆ ಕಳಿಸಿದರು. ನಡತೆಯ ಪತ್ರವನ್ನು ಅವರೇ ಹರಿದರು.

ನಿನ್ನ ಕೈ ಹೇಗಿದೆ?

ಶಿವಣ್ಣ


ಬೆಳಕವಾಡಿ, ಮಳವಳ್ಳಿ ತಾಲ್ಲೂಕು
21 ಜೂನ್ 1943

ಅಸದುಲ್ಲಾ,

ಇದು ನಾನು ಬರೆಯುತ್ತಿರುವ ಐದನೆಯ ಕಾಗದ. ಯಾವುದಕ್ಕೂ ನೀನು ಉತ್ತರಿಸಿಲ್ಲ. ಉತ್ತರ ಕೇಳುವ ಹಕ್ಕು ನನಗಿಲ್ಲ, ಆದರೂ ಬರೆಯುತ್ತೇನೆ.

ಮಾರ್ಚಿನಲ್ಲಿ ಬಿಟ್ಟರು. ಪಾಂಡಿಚೇರಿಯವರು ನನ್ನ ಜಾಗವನ್ನು ಬೇರೆಯವರಿಗೆ ಕೊಟ್ಟಿದ್ದರು. ಫಾದರ್ ಬೆರ್ನಾರ್ ಜನವರಿಯಲ್ಲಿ ತೀರಿಕೊಂಡರಂತೆ. ಸುಟ್ಟ ಪುಸ್ತಕದ ವಿಷಯ ಅವರಿಗೆ ಹೇಳದೆಯೇ ಉಳಿಯಿತು. ವೈದ್ಯನಾಥಪುರಕ್ಕೆ ಹೋಗಲಿಲ್ಲ. ಇಲ್ಲಿ ಊರಿನವರೇ ನಡೆಸುವ ಶಾಲೆಯಲ್ಲಿ ಮೇಷ್ಟರಾಗಿದ್ದೇನೆ. ಚರಿತ್ರೆ, ಭೂಗೋಳ ನನ್ನದು.

ಮೂವತ್ತೊಂದು ದಿನ ನೀನು ನನಗಾಗಿ ಅದನ್ನೆಲ್ಲ ತಡೆದುಕೊಂಡೆ. ಬೆರಳು ಮುರಿದರೂ ನನ್ನ ಹೆಸರು ಹೇಳಲಿಲ್ಲ. ಮಕ್ಕಳಿಗೆ ಪಾಠ ಹೇಳುತ್ತಿರುವಾಗ ಅದು ನೆನಪಾಗಿ ಮಾತು ನಿಂತುಹೋಗುತ್ತದೆ. ಅಂಥ ಸ್ನೇಹಕ್ಕೆ ನಾನು ತಕ್ಕವನಲ್ಲ. ಅದನ್ನು ನಿನ್ನ ಎದುರಿಗೆ ನಿಂತು ಹೇಳಬೇಕು. ಬರಲೇ?

ಶಿವಣ್ಣ


ಮದ್ದೂರು
3 ಸೆಪ್ಟೆಂಬರ್ 1944

ಶಿವಣ್ಣನಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಸಹಿಸಿಕೊ.

ಹೋದ ವಾರ ಮಂಡ್ಯದಲ್ಲಿ ಬಸ್ಸು ನಿಂತಿದ್ದಾಗ ಪಾರ್ಕಿನ ರೇಡಿಯೋದಲ್ಲಿ ಪ್ಯಾರಿಸಿಗೆ ಬಿಡುಗಡೆಯಾಯಿತು ಎಂದು ಹೇಳಿದರು. ಸೇತುವೆಗಳನ್ನು ಉರುಳಿಸದೆ ಜರ್ಮನರು ಸೋತರಂತೆ. ಸಕ್ಕರೆ ಕಾರ್ಖಾನೆಯ ಇಬ್ಬರು ನಿಂತು ಕೇಳಿ ಬೀಡಿ ಹಚ್ಚಿಕೊಂಡು ಹೋದರು. ನಾನು ಡ್ರಮ್ಮಿನ ಪಕ್ಕ ನಿಂತೇ ಇದ್ದೆ. ಕೆಂಪಸಿದ್ದಯ್ಯ, "ಯಾಕ್ಲಾ ಅಳ್ತಿದೀಯೆ, ಒಗೆ ಒಡೀತಾ?" ಎಂದ. ಹೌದು, ಹೊಗೆ ಎಂದೆ. ಆ ಊರಿಗಾಗಿ ಅತ್ತೆನೋ, ಬೆರಳಿಗಾಗಿ ಅತ್ತೆನೋ, ನನಗೂ ಗೊತ್ತಿಲ್ಲ. ಮನೆಗೆ ಬಂದ ಮೇಲೆ ನಿನಗೆ ಬರೆಯಲೇಬೇಕು ಎನ್ನಿಸಿತು.

ನೀನು ಬರೆದದ್ದೆಲ್ಲ ಓದಿದ್ದೇನೆ. ಉತ್ತರ ಬರೆಯದೆ ಇದ್ದದ್ದು ಕೋಪದಿಂದಲ್ಲ. ನಾನು ನಿನ್ನ ಹೆಸರು ಹೇಳಲಿಲ್ಲ ಎಂದು ನೀನು ಪ್ರತಿ ಕಾಗದದಲ್ಲೂ ಬರೆಯುತ್ತಿದ್ದೆ. ಅದನ್ನು ಓದಿದಾಗಲೆಲ್ಲ ಲೇಖನಿ ಕೆಳಗಿಡುತ್ತಿದ್ದೆ.

ಶಿವಣ್ಣ, ನಾನು ಹೇಳಿದೆ. ಮೊದಲನೆಯ ದಿನವೇ ಹೇಳಿದೆ. ಹೊಡೆಯುವುದಕ್ಕೂ ಮೊದಲೇ, ಗದರಿಸಿದ್ದಕ್ಕೇ ಹೇಳಿಬಿಟ್ಟೆ. ನಿನ್ನ ಹೆಸರು, ನಿಮ್ಮಪ್ಪನ ಹೆಸರು, ಊರು, ಹಾಸ್ಟೆಲು ಎಲ್ಲ. ಅವರು ವೈದ್ಯನಾಥಪುರಕ್ಕೆ ಹೋಗಿ ಬಂದರು. ಬಂದ ಮೇಲೆ ಹೊಡೆಯಲು ಶುರುಮಾಡಿದರು. ಯಾಕೆ ಎಂದು ಆಗ ತಿಳಿಯಲಿಲ್ಲ. ನಕ್ಷೆ ನಿನ್ನದಲ್ಲ ಎಂದು ನೀನೇ ಹೇಳಿರಬೇಕು ಎಂದುಕೊಂಡೆ. ಅಮ್ಮ, ಶಮೀಮ್ ಬಂದಾಗ ಮುಖ ತಿರುಗಿಸಿದ್ದು ಅದಕ್ಕೆ.

ಈ ಯುಗಾದಿಯಲ್ಲಿ ಪೇದೆ ದೊಡ್ಡಸಿದ್ದಯ್ಯ ಕೆಲಸ ಬಿಟ್ಟು ಊರಿಗೆ ಹೋಗುವಾಗ ಗ್ಯಾರೇಜಿಗೆ ಬಂದ. ಮನಸ್ಸಿನಲ್ಲಿ ಇಟ್ಟುಕೊಳ್ಳಲಾರೆ ಎಂದು ಹೇಳಿದ. "ಪಟೇಲ್ರು ಏನಂದ್ರು ಗೊತ್ತಾ? ಆ ಸಾಬಿ ಮಕಾನೇ ನಾ ಕಂಡಿಲ್ಲ. ನನ್ ಮಗ ಇಂಗ್ಲೀಸು ಬುಟ್ರೆ ಇನ್ನೊಂದ್ ಓದಿಲ್ಲ. ನಮ್ ಮನೆ ಮಾನ ತಗೀಬೇಕು ಅಂತ ಯಾರೋ ಯೋಳ್ಕೊಟ್ಟವ್ರೆ, ಅಂದ್ರು ಕಣಪ್ಪ." ನನ್ನನ್ನು ಹಿಡಿಯುವ ಹಿಂದಿನ ವರ್ಷ ನಿಮ್ಮ ಆಲೆಮನೆಯ ಗಾಣದ ಇಂಜಿನ್ನು ರಿಪೇರಿ ಮಾಡಿಕೊಟ್ಟವನು ನಾನು. ನಿಮ್ಮಪ್ಪ ಎದುರಿಗೇ ಕೂತು ಮೂರು ದಿನ ಮಾಡಿಸಿದ್ದರು.

ಬೆರಳು ಮುರಿದದ್ದು ನಿನ್ನನ್ನು ಕಾಪಾಡಿದ್ದಕ್ಕಲ್ಲ. ದೊಡ್ಡವರ ಮಗನ ಮೇಲೆ ಸುಳ್ಳು ಹೇಳಿದೆ ಎಂದು. ನಾನು ಹೇಳಿದ್ದು ಒಂದೇ ಮಾತು, ನೀನು ಬಂದು ಹೇಳಿದ್ದೂ ಅದೇ ಮಾತು. ನಾನು ಮೂವತ್ತೊಂದು ದಿನ ಹೇಳಿದೆ, ನೀನು ಒಂದು ದಿನ ಹೇಳಿದೆ. ನಿನ್ನನ್ನು ನಂಬಿದರು.

ನಿನ್ನನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ನನ್ನನ್ನು ನೆನೆದರೆ ಪಾಠ ನಿಂತುಹೋಗುತ್ತದೆ ಎಂದಿದ್ದೀಯಲ್ಲ, ಇನ್ನು ನಿಲ್ಲಿಸಬೇಡ. ನಾನು ನಿನಗಾಗಿ ಏನನ್ನೂ ತಡೆದುಕೊಳ್ಳಲಿಲ್ಲ. ಹೆದರಿಕೆಗೆ ಹೆಸರು ಹೇಳಿದೆ. ನೀನು ಹೆದರಿಕೆಗೆ ಬಾರದೆ ಇದ್ದೆ, ಆಮೇಲೆ ಬಂದೆ. ನಾವಿಬ್ಬರೂ ಅಂಥ ದೊಡ್ಡ ಮನುಷ್ಯರೇನಲ್ಲ.

ಇಷ್ಟು ಗೊತ್ತಾದ ಮೇಲೂ ಬರಬೇಕು ಅನ್ನಿಸಿದರೆ ಬಾ. ಶುಕ್ರವಾರ ಗ್ಯಾರೇಜಿಗೆ ರಜೆ, ಮಧ್ಯಾಹ್ನದ ಮೇಲೆ ಮನೆಯಲ್ಲಿರುತ್ತೇನೆ.

ಅಸದುಲ್ಲಾ